ಕಡವೆ ಕಾಣೆಯಾಗಿದೆ ಎಂಬ ದೂರು

ಎದುರಿಗಿರುವವರು ಮಾತಾಡುತ್ತಿದ್ದರೆ ನಡುನಡುವೆ 'ಹೂಂ' ಎನ್ನದೆ ಇರಲು ನನಗೆ ಆಗುವುದಿಲ್ಲ. ಇದು ಚಿಕ್ಕಂದಿನಲ್ಲಿ ಅಂಟಿದ ಚಾಳಿ. ಮೈಸೂರಿನ ನಮ್ಮ ಮನೆಯಲ್ಲಿ ಕಮಲತ್ತೆ, ಅಂದರೆ ಅಪ್ಪನ ಅಕ್ಕ, ಚಳಿಗಾಲದ ಮಧ್ಯಾಹ್ನಗಳಲ್ಲಿ ನೆನೆಸಿದ ಅವರೆಕಾಳಿನ ಪಾತ್ರೆ ಮುಂದಿಟ್ಟುಕೊಂಡು ಹಿಸುಕಲು ಕೂರುತ್ತಿದ್ದರು. ಕಾಳು ಸಿಪ್ಪೆಯಿಂದ ಚಿಮ್ಮಿ ತಟ್ಟೆಗೆ ಬೀಳುವ ವೇಗದಲ್ಲೇ ಅವರ ಮಾತೂ ಬರುತ್ತಿತ್ತು. ಎದುರು ಮನೆಯ ಸೊಸೆ ಏನೆಂದಳು, ಅದಕ್ಕೆ ಅತ್ತೆ ಏನೆಂದರು, ನಡುವೆ ಸಿಕ್ಕಿಕೊಂಡ ಗಂಡ ಯಾವ ಮುಖ ಮಾಡಿಕೊಂಡು ಸೈಕಲ್ ಹತ್ತಿದ. ಜೊತೆಗೆ ಕೂತ ನಾನು ಒಂದೇ ಒಂದು ಹೂಂ ತಪ್ಪಿಸಿದರೂ ಅವರ ಕೈ ನಿಲ್ಲುತ್ತಿತ್ತು.

"ಯಾರ್ ಹತ್ರ ಹೇಳ್ತಿದೀನೇ ನಾನು? ಗೋಡೆ ಹತ್ರನಾ?"

ಕಥೆ ಅಲ್ಲಿಗೇ ಮುಗಿಯಿತು. ಸೊಸೆಯ ಮುಂದಿನ ಮಾತು ಏನೆಂದು ತಿಳಿಯದೆ ಉಳಿಯುವ ಭಯಕ್ಕೆ ನಾನು ಹೂಂಗುಟ್ಟುವುದರಲ್ಲಿ ಎಷ್ಟು ಪಳಗಿದೆನೆಂದರೆ, ನಿದ್ದೆಯಲ್ಲೂ ಹೂಂ ಅನ್ನುತ್ತೇನೆಂದು ಗಿರೀಶ್ ಹೇಳುತ್ತಾರೆ. ಗಿರೀಶ್ ನನ್ನ ಗಂಡ. ಮದುವೆಯಾದ ಹೊಸದರಲ್ಲಿ ಅವರು ನನ್ನ ಹೂಂಗಳನ್ನೆಲ್ಲ ಒಪ್ಪಿಗೆ ಎಂದು ತಿಳಿದು ನಮ್ಮ ಪುಟ್ಟ ಹಾಲಿಗೆ ಒಂದು ದೈತ್ಯ ಸೋಫಾ ತಂದಿಟ್ಟರು. ಈಗ ಯಾವುದಕ್ಕೂ "ಬರೀ ಹೂಂನಾ, ಇಲ್ಲಾ ಯೆಸ್ಸಾ?" ಎಂದು ಕೇಳಿಕೊಂಡೇ ಮುಂದುವರಿಯುತ್ತಾರೆ.

ಈ ಚಾಳಿಯೇ ನನಗೆ ಮೆಲ್ಬರ್ನಿನಲ್ಲಿ ಒಬ್ಬ ಬೇಟೆಗಾರರನ್ನು ಗಂಟುಹಾಕಿತು.

ನಾವು ಊರಂಚಿನ ಟ್ರುಗನಿನಾದಲ್ಲಿ ಮನೆ ಕೊಂಡು, ಮಾರ್ಟ್‌ಗೇಜ್ ಎಂಬ ಹೊಸ ಸಂಬಂಧಿಯನ್ನು ಮನೆಗೆ ಸೇರಿಸಿಕೊಂಡ ವರ್ಷ ನನಗೊಂದು ಸರ್ಕಾರಿ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಆರು ತಿಂಗಳ ಕಾಂಟ್ರಾಕ್ಟು. ಕಚೇರಿಯ ಹೆಸರು ಹೇಳುವುದಿಲ್ಲ. ರಾಜ್ಯದ ಕಾಡುಪ್ರಾಣಿಗಳಿಗೆ ಸಂಬಂಧಿಸಿದ್ದು ಎಂದರೆ ಸಾಕು. ಸಂದರ್ಶನದಲ್ಲಿ ನಾನು ಪ್ರಾಣಿಶಾಸ್ತ್ರದ ಎಂ.ಎಸ್ಸಿ., ಎಂಟು ವರ್ಷ ಪಿಯು ಕಾಲೇಜಿನಲ್ಲಿ ಪಾಠ ಹೇಳಿದ್ದೇನೆ ಎಂದಾಗ ಅವರ ಮುಖ ಅರಳಿತು. ಆ ಎಂಟೂ ವರ್ಷ ನಾನು ಹೇಳಿಕೊಟ್ಟದ್ದು ಜಿರಳೆಯ ಬಾಯಿಯ ಭಾಗಗಳು ಮತ್ತು ಕಪ್ಪೆಯ ಹೃದಯ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಕಪ್ಪೆಗಿಂತ ದೊಡ್ಡ ಪ್ರಾಣಿಯೊಂದಿಗೆ ನನಗೆ ಯಾವ ವ್ಯವಹಾರವೂ ಇರಲಿಲ್ಲ.

ಕೆಲಸವೂ ಪ್ರಾಣಿಗಳ ಜೊತೆಗಿನದಲ್ಲ, ಅವುಗಳ ಬಗ್ಗೆ ಸಿಟ್ಟು ಬಂದ ಮನುಷ್ಯರ ಜೊತೆಗಿನದು. ಹೆಡ್‌ಫೋನ್ ಹಾಕಿಕೊಂಡು ಕೂರಬೇಕು, ಬರುವ ದೂರುಗಳನ್ನು ಕಂಪ್ಯೂಟರಿನಲ್ಲಿ ದಾಖಲಿಸಬೇಕು, ಮೊದಲೇ ಬರೆದುಕೊಟ್ಟ ನಾಲ್ಕು ವಾಕ್ಯಗಳಲ್ಲಿ ಸೂಕ್ತವಾದದ್ದನ್ನು ಓದಬೇಕು. ಎರಡನೆಯ ದಿನ ಬೆಳಿಗ್ಗೆ ಒಂದು ಒರಟು ದನಿ ಪರಿಚಯವನ್ನೂ ಹೇಳಿಕೊಳ್ಳದೆ ಶುರುಮಾಡಿತು. ಅವರು ಮಾತಾಡಿದ್ದು ಇಂಗ್ಲಿಷಿನಲ್ಲಿ, ಆದರೆ ನನ್ನ ನೆನಪಿನಲ್ಲಿ ಅದೆಲ್ಲ ಕನ್ನಡವಾಗಿಯೇ ಕೂತಿದೆ.

"ಸಾಂಬಾರ್ ಮುಗಿದುಹೋಯ್ತು. ಮೊದಲು ಎಷ್ಟು ಬೇಕಾದ್ರೂ ಇರ್ತಿತ್ತು. ಈಗ ವಾರಗಟ್ಟಲೆ ಕಾದ್ರೂ ಒಂದೂ ಇಲ್ಲ. ಏನ್ ಮಾಡ್ತಿದೀರಿ ನೀವೆಲ್ಲ?"

ನನ್ನ ಕಣ್ಣೆದುರು ಒಂದು ಕ್ಷಣ ಬಂದು ನಿಂತದ್ದು ಮದುವೆ ಮನೆಯ ಎರಡನೆಯ ಪಂಕ್ತಿ, ಖಾಲಿ ಕೊಳಗ, ಸೌಟು ಹಿಡಿದು ತಬ್ಬಿಬ್ಬಾದ ಬಡಿಸುವವನು. ಆಮೇಲೆ ಪಠ್ಯಪುಸ್ತಕದ ಮೂಲೆಯಿಂದ ಸಾಂಬಾರ್ ಎಂದರೆ ನಮ್ಮ ಕಡವೆ ಎಂಬುದು ಮೇಲೆದ್ದು ಬಂತು. ಅಷ್ಟರಲ್ಲಿ ನಾನು ಗಾಬರಿಗೆ ವಾಕ್ಯ ಓದುವುದನ್ನು ಮರೆತು "ಹೂಂ" ಅಂದಿದ್ದೆ. ಆ ಕಡೆಯ ದನಿ ತುಸು ಇಳಿದು, ಮುಂದಿನ ಮಾತು ಹೇಳಿತು. ನಾನು ಮತ್ತೆ ಹೂಂ. ಹೀಗೆ ನಲವತ್ತು ನಿಮಿಷ.

ಮುಂದಿನ ಸೋಮವಾರ ಅವರು ಫೋನ್ ಮಾಡಿ, ಬೇರೆಯವರು ಎತ್ತಿಕೊಂಡಾಗ, "ಹೂಂ ಅನ್ನೋ ಆ ಹೆಂಗಸನ್ನ ಕೊಡಿ" ಎಂದರಂತೆ. ಅಲ್ಲಿಂದ ನೆವಿಲ್ ನನ್ನ ಪಾಲಿಗೆ ಬಂದರು.

ನೆವಿಲ್ ಪೂರ್ವದ ಬೆಟ್ಟಗಳ ಕಡೆಯವರು, ಮರದ ಮಿಲ್ಲಿನಲ್ಲಿ ದುಡಿದು ನಿವೃತ್ತರಾದವರು. ಹದಿನಾರನೆಯ ವಯಸ್ಸಿನಿಂದ ಕಡವೆ ಬೇಟೆ. ಅಲ್ಲಿ ಲೈಸೆನ್ಸ್ ಇದ್ದರೆ ಅದು ಕಾನೂನುಬದ್ಧ. ವರ್ಷಕ್ಕೆ ಎರಡು ಹೊಡೆದರೆ ಮನೆಯ ಫ್ರೀಜರ್ ತುಂಬುತ್ತದೆ, ಅಂಗಡಿಯ ಮಾಂಸ ಮುಟ್ಟುವುದಿಲ್ಲ. ಈಗ ಎರಡು ವರ್ಷದಿಂದ ಫ್ರೀಜರಿನಲ್ಲಿ ಐಸ್ ಬಿಟ್ಟರೆ ಬಟಾಣಿ. ಇದಕ್ಕೆ ಕಾರಣ ಹೆಲಿಕಾಪ್ಟರು. ಸರ್ಕಾರದವರು ಜಿಂಕೆಗಳು ಹೆಚ್ಚಾಗಿವೆಯೆಂದು ಮೇಲಿನಿಂದ ಗುಂಡು ಹಾರಿಸಿ ಕೊಲ್ಲಿಸುತ್ತಾರೆ, ಸತ್ತವನ್ನು ಅಲ್ಲೇ ಬಿಟ್ಟು ಹೋಗುತ್ತಾರೆ, ಕೊಳೆತು ನಾರುತ್ತವೆ. ಕಾಲ್ನಡಿಗೆಯಲ್ಲಿ ಬೆಟ್ಟ ಹತ್ತಿ, ಮೂರು ದಿನ ಹೆಜ್ಜೆ ನೋಡಿ, ಒಂದಕ್ಕೆ ಗುರಿಯಿಡುವ ತನಗೆ ನೂರೆಂಟು ನಿಯಮ; ಆಕಾಶದಲ್ಲಿ ಬಂದವರಿಗೆ ಒಂದೂ ಇಲ್ಲ. ಇದು ಅವರ ವಾದ. ನನ್ನ ಹತ್ತಿರವಿದ್ದ ವಾಕ್ಯ: "ನಿಮ್ಮ ಅಭಿಪ್ರಾಯ ನಮಗೆ ಮುಖ್ಯ."

ಸಿಡ್ನಿಯ ದಿ ಪಾಂಡ್ಸ್‌ನಲ್ಲಿರುವ ನಮ್ಮಕ್ಕನಿಗೆ ಈ ಕೆಲಸ ಅರ್ಥವೇ ಆಗಲಿಲ್ಲ.

"ಅಲ್ಲ ಕಣೇ ಸುಧಾ, ಜಿಂಕೆ ಸಾಯಿಸ್ಬೇಡಿ ಅಂತ ಫೋನ್ ಮಾಡ್ತಾರಾ?"

"ಇಲ್ಲ ಅಕ್ಕ. ನೀವ್ ಸಾಯಿಸ್ಬೇಡಿ, ನಾವ್ ಸಾಯಿಸ್ತೀವಿ ಅಂತ."

"ನೀನ್ ಏನಂತೀಯ?"

"ಹೂಂ ಅಂತೀನಿ."

"ಬಾತ್‌ರೂಮಲ್ಲಿ ಜಿರಳೆ ಬಂದ್ರೆ ನಮ್ಮನ್ನೆಲ್ಲ ಕೂಗ್ತಿದ್ದೋಳು ನೀನು," ಎಂದು ಅಕ್ಕ ಫೋನಿಟ್ಟಳು. ಜಿರಳೆಯ ಬಾಯಿಯ ಭಾಗಗಳು ಗೊತ್ತಿದ್ದುದರಿಂದಲೇ ನನಗೆ ಅದರ ಭಯ ಎಂದು ಅವಳಿಗೆ ಇವತ್ತಿಗೂ ಹೇಳಿಲ್ಲ.

ಕಡವೆಗಳ ಚರಿತ್ರೆ ನಾನು ಕಚೇರಿಯ ಕಾಗದಗಳಿಂದ ಕಲಿತೆ. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಬಿಳಿಯರು ಬೇಟೆಯ ಮೋಜಿಗೆಂದು ನಮ್ಮ ಕಡೆಯಿಂದ ಹಡಗಿನಲ್ಲಿ ತಂದು ಇಲ್ಲಿನ ಬೆಟ್ಟಗಳಿಗೆ ಬಿಟ್ಟರಂತೆ. ಅವು ಒಗ್ಗಿಕೊಂಡವು, ಹೆಚ್ಚಿದವು. ಈಗ ಒಂದು ಕಾಯ್ದೆಯ ಪ್ರಕಾರ ಅವು ರಕ್ಷಣೆಗೆ ಒಳಪಟ್ಟ ಪ್ರಾಣಿ, ಇನ್ನೊಂದು ಕಾಗದದ ಪ್ರಕಾರ ಕಾಡಿಗೆ ಬಂದ ಪಿಡುಗು. ಒಂಬತ್ತು ವರ್ಷ ವೀಸಾದ ಕಾಗದ ಹಿಡಿದು ಪಿಆರ್‌ಗಾಗಿ, ಅಂದರೆ ಕಾಯಂ ನೆಲೆಸುವ ಅನುಮತಿಗಾಗಿ, ತಿರುಗಿದ ನಮಗೆ ಇಂಥ ಸ್ಥಿತಿ ತೀರ ಹೊಸದಲ್ಲ. ಅಷ್ಟು ಹಿಂದೆಯೇ ಬಂದವಕ್ಕೂ ಇನ್ನೂ ಪಿಆರ್ ಆಗಿಲ್ಲವಲ್ಲ ಎಂದು ಗಿರೀಶ್ ಬೇಸರಪಟ್ಟರು.

ಸೋಮವಾರ ನೆವಿಲ್ ಫೋನಿಟ್ಟ ಅರ್ಧ ಗಂಟೆಗೆ ಸರಿಯಾಗಿ ಮಾರ್ಗರೆಟ್ ಫೋನ್ ಮಾಡುತ್ತಿದ್ದರು. ಆಕೆಯದು ಅದೇ ಬೆಟ್ಟಗಳ ಬುಡದಲ್ಲಿ ಸೇಬಿನ ತೋಟ. ಗಂಡ ತೀರಿಕೊಂಡ ಮೇಲೆ ಒಬ್ಬರೇ ನೋಡಿಕೊಳ್ಳುತ್ತಿದ್ದರು. ಆಕೆಯ ದೂರು: ಜಿಂಕೆಗಳು ವಿಪರೀತವಾಗಿವೆ. ಚಿಗುರು ತಿನ್ನುತ್ತವೆ, ಕೊಂಬು ಉಜ್ಜಿ ಗಿಡದ ತೊಗಟೆ ಸುಲಿಯುತ್ತವೆ. ಮೂರು ವರ್ಷ ಸಾಕಿದ ಗಿಡ ಒಂದು ಬೆಳಗ್ಗೆ ಬರೀ ಕೋಲು.

"ನಿಮ್ಮ ಆಫೀಸಿನವರು ಕಣ್ಣು ಮುಚ್ಕೊಂಡು ಕೂತಿದ್ದಾರೆ," ಎಂದು ಆಕೆ. "ನಿಮ್ಮ ಆಫೀಸಿನವರು ಕಣ್ಣಿಗೆ ಕಂಡದ್ದನ್ನೆಲ್ಲ ಹೊಡೀತಿದ್ದಾರೆ," ಎಂದು ನೆವಿಲ್. ಇಬ್ಬರಿಗೂ ನನ್ನದು ಅದೇ ಹೂಂ. ಒಳಗೊಳಗೇ ಇಬ್ಬರೂ ಹೇಳುವುದು ನಿಜವೆನ್ನಿಸುತ್ತಿತ್ತು. ಒಂದೇ ಬೆಟ್ಟದ ಮೇಲೆ ಕಡವೆಯೇ ಇಲ್ಲ, ಬುಡದಲ್ಲಿ ಕಾಲಿಡಲು ಜಾಗವಿಲ್ಲ. ಎರಡೂ ಹೇಗೆ ನಿಜ ಎಂದು ಯೋಚಿಸುವುದು ನನ್ನ ಕೆಲಸದ ಪಟ್ಟಿಯಲ್ಲಿರಲಿಲ್ಲ.

ನೆವಿಲ್ ಹತ್ತಿರ ಒಂದು ನೋಟುಬುಕ್ಕುಗಳ ಸಾಲು ಇತ್ತು. ಪ್ರತಿ ಸಲ ಬೆಟ್ಟಕ್ಕೆ ಹೋದಾಗಲೂ ಎಷ್ಟು ಕಡವೆ ಕಂಡವು, ಎಲ್ಲಿ, ಗಂಡೋ ಹೆಣ್ಣೋ, ಮರಿ ಇತ್ತೋ ಎಂದು ಬರೆದಿಟ್ಟಿದ್ದರು. "ಎಷ್ಟೋ ಸಲ ಹೇಳಿದೀನಿ, ಬಂದು ನೋಡಿ ಅಂತ. ಮೇಲಿಂದ ಹಾರ್ಕೊಂಡು ಎಣಿಸ್ತಾರೆ, ನಡೆದು ಎಣಿಸಿದವನನ್ನ ಕೇಳಲ್ಲ," ಎಂದರು. ಆ ದಿನ ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಕಷ್ಟವಾಯಿತು. ಪ್ರತಿ ತೆಗೆಸಿ ಕಳಿಸಿ ಎಂದೆ. ದಪ್ಪ ಕಟ್ಟು ಬಂತು. ನಾನು ಅದನ್ನು ಅಂದವಾಗಿ ಪಿನ್ ಮಾಡಿ, ಮೂರನೆಯ ಮಹಡಿಯ ತಜ್ಞರಿಗೆ ಕಳಿಸಿದೆ. ಹತ್ತು ದಿನಕ್ಕೆ ಹಿಂದೆ ಬಂತು, ಮೇಲೊಂದು ಹಳದಿ ಚೀಟಿ: 'ಹವ್ಯಾಸಿಯ ದಾಖಲೆ. ಉಪಯೋಗಕ್ಕೆ ಬರುವುದಿಲ್ಲ.' ಚೀಟಿಯನ್ನು ಕಿತ್ತು ಕಸದ ಬುಟ್ಟಿಗೆ ಹಾಕಿದೆ. ಕಟ್ಟನ್ನು ಮನೆಗೆ ತಂದೆ. ಟ್ರುಗನಿನಾದಿಂದ ಕಚೇರಿಗೆ ಬಸ್ಸು, ಆಮೇಲೆ ಟ್ರೇನು. ಹೋಗುತ್ತಾ ಬರುತ್ತಾ ಅದನ್ನು ಓದತೊಡಗಿದೆ. 'ಮಂಜು. ಏನೂ ಕಾಣಲಿಲ್ಲ.' 'ಹೆಣ್ಣು ಒಂದು, ಮರಿ ಒಂದು. ಗುರಿ ಇಡಲಿಲ್ಲ.' 'ಕಾಲು ಉಳುಕಿತು. ಮೂರು, ದೂರದಲ್ಲಿ.' ಅವಸರದ ಕೈಬರಹ. ಪಕ್ಕದಲ್ಲಿ ಕೂತವರು ನಾನು ಯಾವ ಪರೀಕ್ಷೆಗೆ ಓದುತ್ತಿದ್ದೇನೆಂದು ಇಣುಕಿ ನೋಡುತ್ತಿದ್ದರು.

ಇನ್ನು ಅನಾಹುತದ ವಿಷಯ.

ನೆವಿಲ್ ಮತ್ತು ಮಾರ್ಗರೆಟ್ ಇಬ್ಬರೂ ಇಮೇಲ್ ಒಲ್ಲೆ ಎನ್ನುವವರು. ಹಾಗಾಗಿ ಕಚೇರಿಯ ಉತ್ತರ ಕಾಗದದಲ್ಲೇ ಹೋಗಬೇಕು. ಒಂದು ಗುರುವಾರ ಎರಡು ಕಾಗದ ಟೈಪ್ ಮಾಡಿ, ಎರಡು ಲಕೋಟೆಯ ಮೇಲೆ ವಿಳಾಸ ಬರೆದು, ಇನ್ನೇನು ಒಳಗೆ ಹಾಕಬೇಕು, ಒಬ್ಬ ಮಹಾಶಯರು ಫೋನ್ ಮಾಡಿದರು. ಅವರ ಮನೆಯ ಸೂರಿನೊಳಗೆ ಪಾಸಮ್ ಸೇರಿಕೊಂಡಿತ್ತು. ಪಾಸಮ್ ಎಂದರೆ ಬೆಕ್ಕಿನಷ್ಟು ದೊಡ್ಡ, ಮರ ಹತ್ತುವ, ಮುದ್ದು ಮುಖದ ಪ್ರಾಣಿ. ಅದನ್ನು ಓಡಿಸಲು ಅವರು ಮಾಡಿದ ಉಪಾಯಗಳು ಒಂದಕ್ಕಿಂತ ಒಂದು ಸ್ವಾರಸ್ಯವಾಗಿದ್ದವು. ನಾನು ಹೂಂಗುಟ್ಟುತ್ತಾ, ಕಮಲತ್ತೆಯ ಎದುರು ಕಾಳು ಹಿಸುಕಿದಂತೆ, ಕೈಯ ಪಾಡಿಗೆ ಕೈಯಾಡಿಸಿ ಕಾಗದಗಳನ್ನು ಲಕೋಟೆಗೆ ತುರುಕಿದೆ.

ಸೋಮವಾರ ನೆವಿಲ್ ಫೋನು ಬಂತು. ದನಿ ಗಂಭೀರವಾಗಿತ್ತು.

"ನನ್ನ ಸೇಬಿನ ಗಿಡಗಳಿಗೆ ಆದ ಹಾನಿಗೆ ನಿಮಗೆ ವಿಷಾದ ಅಂತ ಬರೆದಿದೀರಿ."

"ಹೂಂ," ಎಂದೆ ಅಭ್ಯಾಸಬಲದಿಂದ.

"ನನ್ನ ಹತ್ರ ಸೇಬಿನ ಗಿಡ ಇಲ್ಲ."

ಅವರು ಓದಿದರು: "'ನಿಮ್ಮ ಸುತ್ತಮುತ್ತ ಜಿಂಕೆಗಳ ಸಂಖ್ಯೆ ತಗ್ಗಿಸಲು ಇನ್ನೂ ಹೆಚ್ಚಿನ ಕ್ರಮ ಕೈಗೊಳ್ಳುತ್ತೇವೆ.' ಇನ್ನೂ ಹೆಚ್ಚಿನದು ಅಂದ್ರೆ ಏನು? ಇರೋ ಅರ್ಧ ಜಿಂಕೆನೂ ತೆಗೀತೀರಾ?"

ಅಂದರೆ, ಅದೇ ಹೊತ್ತಿಗೆ ಸೇಬಿನ ತೋಟದಲ್ಲಿ ಮಾರ್ಗರೆಟ್, 'ಕಡವೆಗಳು ವಿರಳವಾಗುತ್ತಿರುವುದರಿಂದ ನಿಮಗಾದ ನೋವನ್ನು ಅರ್ಥ ಮಾಡಿಕೊಳ್ಳುತ್ತೇವೆ' ಎಂಬ ಸಾಲನ್ನು ಓದುತ್ತಿರುತ್ತಾರೆ. ಅದಕ್ಕಿಂತ ಕೆಟ್ಟದ್ದು, ಕಾಗದದ ತಲೆಯಲ್ಲಿ ಒಬ್ಬರ ಹೆಸರು, ವಿಳಾಸ ಇನ್ನೊಬ್ಬರಿಗೆ ಹೋಗಿದೆ. ಈ ದೇಶದಲ್ಲಿ ಅದು ಸಣ್ಣ ತಪ್ಪಲ್ಲ.

ನಮ್ಮ ಮೇಲಧಿಕಾರಿ ಫಿಯೋನಾ ಒಳ್ಳೆಯವರು. ಒಳ್ಳೆಯವರು ಸಿಟ್ಟು ಮಾಡದೆ ಸುಮ್ಮನೆ ಕನ್ನಡಕ ತೆಗೆದು ಒರೆಸಿದಾಗ ಆಗುವ ಹೆದರಿಕೆಯೇ ಬೇರೆ. "ಇಬ್ಬರಲ್ಲಿ ಒಬ್ಬರು ಬರೆದುಕೊಟ್ಟರೂ ಇದು ಮೇಲಕ್ಕೆ ಹೋಗತ್ತೆ, ಸುಧಾ. ನಿಮ್ಮ ಕಾಂಟ್ರಾಕ್ಟ್ ರಿನ್ಯೂ ಆಗೋದು ಇನ್ನು ಮೂರು ವಾರಕ್ಕೆ," ಎಂದರು. ಇಬ್ಬರಿಗೂ ಫೋನ್ ಮಾಡಿ ಕ್ಷಮೆ ಕೇಳಲು ಹೇಳಿದರು. ನೆವಿಲ್ ಎತ್ತಲಿಲ್ಲ. ಮಾರ್ಗರೆಟ್ ಎತ್ತಲಿಲ್ಲ. ಮಂಗಳವಾರವೂ ಇಲ್ಲ, ಬುಧವಾರವೂ ಇಲ್ಲ.

ಮನೆಯಲ್ಲಿ ಗಿರೀಶ್ ಸಮಾಧಾನ ಮಾಡಲು ಬಂದರು. "ಹೋದ್ರೆ ಹೋಗ್ಲಿ ಬಿಡೇ. ಇನ್ನೊಂದ್ ಜಾಬ್ ಸಿಗತ್ತೆ."

"ಇಲ್ಲಿ ಜಿರಳೆ ಪಾಠ ಹೇಳೋಕೆ ಯಾರ್ ಕರೀತಾರೆ ನನ್ನ?"

ಅವರು ಸ್ವಲ್ಪ ಯೋಚಿಸಿ, "ಅದೂ ಸರಿನೇ," ಎಂದರು. ಸಮಾಧಾನ ಮಾಡುವುದು ಅವರಿಗೆ ಅಷ್ಟು ಒಗ್ಗಿದ ವಿದ್ಯೆಯಲ್ಲ. ಆ ವಾರ ಅಡುಗೆಯಲ್ಲಿ ಉಪ್ಪು ಹೆಚ್ಚೂ ಕಮ್ಮಿ ಆಗುತ್ತಿತ್ತು. ಗಿರೀಶ್ ದೂರದೆ ತಿಂದರು, ಅದೇ ದೊಡ್ಡದು.

ಗುರುವಾರ ಮಾರ್ಗರೆಟ್ ತಾವೇ ಫೋನ್ ಮಾಡಿದರು.

"ಆ ಮನುಷ್ಯ ನಮ್ಮನೆಗೆ ಬಂದಿದ್ದ."

ನಾನು ಹೂಂ ಅನ್ನಲಿಲ್ಲ.

ಆಕೆ ಹೇಳಿದ್ದು ಇದು. ಸೋಮವಾರ ಮಧ್ಯಾಹ್ನ ಒಂದು ಹಳೆಯ ಜೀಪು ಗೇಟಿನ ಹತ್ತಿರ ನಿಂತಿತು. ಟೋಪಿ ಕೈಯಲ್ಲಿ ಹಿಡಿದ ಒಬ್ಬ ಉದ್ದನೆಯ ಮುದುಕ ಇಳಿದು, "ಇದು ನಿಮ್ಮ ಕಾಗದ. ನನ್ನದು ನಿಮ್ಮ ಹತ್ತಿರ ಇರಬೇಕು," ಎಂದ. ಆಕೆ ಒಳಗಿಂದ ತಂದುಕೊಟ್ಟರು. ಇಬ್ಬರೂ ಜಗಲಿಯ ಮೇಲೆ ನಿಂತು ತಮ್ಮ ತಮ್ಮ ಕಾಗದ ಓದಿಕೊಂಡರು. ಓದಿ ಮುಗಿಸಿದ ಮೇಲೆ, ಎರಡರಲ್ಲೂ ಏನೂ ಹೇಳಿಲ್ಲ ಎಂಬ ಒಂದು ವಿಷಯದಲ್ಲಿ ಇಬ್ಬರಿಗೂ ಒಮ್ಮತ ಬಂತು. ಆಕೆ ಟೀ ಮಾಡಿದರು. ಆತ ತೋಟ ನೋಡಬಹುದೇ ಎಂದು ಕೇಳಿ, ಸುಲಿದ ತೊಗಟೆಯ ಮೇಲೆ ಬೆರಳಾಡಿಸಿ, ನೆಲದ ಹೆಜ್ಜೆಗಳ ಹತ್ತಿರ ಮೊಣಕಾಲೂರಿ ಕೂತ.

"ಹೆಲಿಕಾಪ್ಟರಿಗೆ ಹೆದರಿ ಕೆಳಗಿಳಿದಿವೆ. ಎರಡು ವರ್ಷದಿಂದ ನಾನು ಮೇಲೆ ಹುಡುಕ್ತಿದೀನಿ, ನನ್ನ ಕಡವೆಗಳು ಇಲ್ಲಿವೆ," ಎಂದನಂತೆ.

"ನಿಮ್ಮದಾ? ಹಾಗಿದ್ರೆ ದಯವಿಟ್ಟು ತಗೊಂಡು ಹೋಗಿ," ಎಂದರಂತೆ ಮಾರ್ಗರೆಟ್.

ನೆವಿಲ್ ಹತ್ತಿರ ಲೈಸೆನ್ಸ್ ಇತ್ತು, ತೋಟದವರ ಅನುಮತಿ ಸಿಕ್ಕಿತು. ಅಲ್ಲಿಂದ ಪ್ರತಿ ಶನಿವಾರ ಸಂಜೆ ನೆವಿಲ್ ತೋಟದಲ್ಲಿ ಕೂರುವುದೆಂದು ಗೊತ್ತಾಯಿತು. ಮೂರು ದಿನ ಫೋನ್ ಎತ್ತದಿದ್ದುದಕ್ಕೆ ಕಾರಣ, ಇಬ್ಬರೂ ಸೇರಿ ತೋಟದ ಮೂಲೆಯ ಮುರುಕು ಶೆಡ್ಡನ್ನು ಕೂರಲು ಸರಿಮಾಡುತ್ತಿದ್ದರು.

"ನೀವು ಬರೆದು ದೂರು ಕೊಡೋದಿಲ್ವಾ?" ಎಂದು ಕೇಳಿದೆ.

"ಯಾವುದರ ಬಗ್ಗೆ? ನಿಮ್ಮ ಆಫೀಸಿನಿಂದ ನನಗೆ ಆದ ಮೊದಲ ಉಪಕಾರ ಇದು," ಎಂದರು ಮಾರ್ಗರೆಟ್. ನೆವಿಲ್ ಕೂಡ ಅದನ್ನೇ, ಇನ್ನೂ ಒರಟಾಗಿ ಹೇಳಿದರು.

ಫಿಯೋನಾ ಕನ್ನಡಕ ಹಾಕಿಕೊಂಡರು. ಕಾಂಟ್ರಾಕ್ಟು ಮತ್ತೆ ಆರು ತಿಂಗಳಿಗೆ ಮುಂದುವರಿಯಿತು. ಶಿಕ್ಷೆಯಾಗಿ ನಾನು ಕಾಗದವನ್ನು ಲಕೋಟೆಯೊಳಗೆ ಹಾಕುವುದು ಹೇಗೆ ಎಂಬ ಬಗ್ಗೆ ಎರಡು ಗಂಟೆಯ ಆನ್‌ಲೈನ್ ತರಬೇತಿ ಮುಗಿಸಿ, ಕೊನೆಗೆ ಪರೀಕ್ಷೆ ಬರೆಯಬೇಕಾಯಿತು. ಮೊದಲ ಸಲ ಫೇಲಾದೆ. ಗಿರೀಶ್ ಈ ವಿಷಯವನ್ನು ಗ್ಲೆನ್ ವೇವರ್ಲಿಯ ಗೆಳೆಯರ ಮನೆಯ ಊಟದಲ್ಲಿ ಎಲ್ಲರಿಗೂ ಹೇಳಿದರು.

ಇಷ್ಟಾದ ಮೇಲೆ ಸೋಮವಾರದ ಫೋನುಗಳು ನಿಲ್ಲುತ್ತವೆಂದು ನೀವು ಭಾವಿಸಿದರೆ ನಿಮಗೆ ದೂರು ಕೊಡುವವರ ಸ್ವಭಾವ ಗೊತ್ತಿಲ್ಲ. ನೆವಿಲ್ ಮೊದಲ ತಿಂಗಳಲ್ಲಿ ಒಂದು ಕಡವೆ ಹೊಡೆದರು, ಫ್ರೀಜರ್ ಅರ್ಧ ತುಂಬಿತು, ಮಾರ್ಗರೆಟ್‌ಗೂ ಪಾಲು ಹೋಯಿತು. ನಂತರ ಇಬ್ಬರೂ ಒಬ್ಬರ ಮೇಲೊಬ್ಬರು ನನಗೆ ಹೇಳತೊಡಗಿದರು. ಆತ ಗುರಿ ಇಟ್ಟುಕೊಂಡು ಕೂತುಬಿಡುತ್ತಾನೆ, ಹೊಡೆಯುವುದಿಲ್ಲ, ಅಷ್ಟರಲ್ಲಿ ಅದು ಒಂದು ಗಿಡ ಮುಗಿಸಿರುತ್ತದೆ ಎಂದು ಆಕೆ. ಆಕೆ ಪ್ರತಿ ಹತ್ತು ನಿಮಿಷಕ್ಕೆ ಟೀ ಬೇಕೇ ಎಂದು ಕೇಳಲು ಬರುತ್ತಾಳೆ, ಹೀಗಾದರೆ ಬೇಟೆ ಹೇಗೆ ಎಂದು ಆತ. ನನಗೆ ಎದುರು ಮನೆಯ ಅತ್ತೆ ಸೊಸೆಯರೇ ಸಿಕ್ಕಂತಾಯಿತು. ಹೂಂಗಳು ಧಾರಾಳವಾಗಿ ಹೊರಟವು.

ಮೇ ತಿಂಗಳ ಒಂದು ದಿನ ನೆವಿಲ್ ಕೇಳಿದರು. "ನೀವು ಯಾವತ್ತಾದ್ರೂ ಕಡವೆ ನೋಡಿದೀರಾ?"

"ಝೂನಲ್ಲಿ. ಎಂಟು ವರ್ಷದವಳಿದ್ದಾಗ," ಎಂದೆ. ಆ ಕಡವೆ ನಮ್ಮ ಕಡೆ ಬೆನ್ನು ಹಾಕಿ ನಿಂತಿತ್ತು, ನಾನು ಕಡಲೆಕಾಯಿ ಪೊಟ್ಟಣ ಮುಗಿಯುವವರೆಗೆ ಕಾದರೂ ತಿರುಗಲಿಲ್ಲ ಎಂದು ಹೇಳುವುದು ಪ್ರಾಣಿಶಾಸ್ತ್ರದ ಪದವಿಗೆ ಅವಮಾನವೆನ್ನಿಸಿ ಸುಮ್ಮನಾದೆ.

"ಶನಿವಾರ ಬನ್ನಿ."

ಕಚೇರಿಯವಳಾಗಿ ಹೋಗಬಾರದು, ಸುಧಾ ಆಗಿ ಹೋದೆ. ಗಿರೀಶ್ ಕಾರು ಓಡಿಸಲು ಒಪ್ಪಿದರು. "ಆದ್ರೆ ಗನ್ ಇರೋ ಕಡೆ ನಾನ್ ಬರಲ್ಲ. ಆ ಆಂಟಿ ಮನೇಲಿ ಕೂತಿರ್ತೀನಿ," ಎಂದರು. ಹೇಳಿದಂತೆಯೇ ಮಾರ್ಗರೆಟ್‌ರ ಅಡುಗೆಮನೆಯಲ್ಲಿ, ಬಿಸಿಬಿಸಿ ಸೇಬಿನ ಪೈ ಎದುರು ಕೂತರು, ಮತ್ತೆ ಏಳಲಿಲ್ಲ.

ನೆವಿಲ್ ನಾನು ಅಂದುಕೊಂಡಿದ್ದಕ್ಕಿಂತ ಉದ್ದ, ಅಂದುಕೊಂಡಿದ್ದಕ್ಕಿಂತ ನಾಚಿಕೆಯವರು. ಫೋನಿನಲ್ಲಿ ನಲವತ್ತು ನಿಮಿಷ ಮಾತಾಡುವವರು ಎದುರಿಗೆ ಟೋಪಿ ತಿರುಗಿಸುತ್ತಾ ನಿಂತರು. ನನ್ನ ಕೈಬಳೆಗಳನ್ನು ನೋಡಿ, "ಇವು ಸದ್ದು ಮಾಡ್ತವೆ," ಎಂದರು. ತೆಗೆದು ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಟ್ಟೆ. ಆಮೇಲೆ ಮೂಗು ಅರಳಿಸಿದರು.

"ತಲೆಗೆ ಏನು ಹಚ್ಚಿದೀರಿ?"

"ತೆಂಗಿನೆಣ್ಣೆ. ಶನಿವಾರ ಎಣ್ಣೆ ಹಚ್ತೀನಿ."

ಅವರು ಒಂದು ಹುಲ್ಲುಕಡ್ಡಿ ಕಿತ್ತು ಗಾಳಿಗೆ ಬಿಟ್ಟು ನೋಡಿದರು. "ಗಾಳಿ ಗಿಡಗಳ ಕಡೆಯಿಂದ ನಮ್ಮ ಕಡೆಗೆ ಇದೆ, ವಾಸನೆ ಅತ್ತ ಹೋಗಲ್ಲ. ಇದು ತಿರುಗದೆ ಇದ್ರೆ ಪರವಾಗಿಲ್ಲ."

ಶೆಡ್ಡಿನಲ್ಲಿ ಮೂರು ಕುರ್ಚಿ. ನಡುವೆ ನನ್ನನ್ನು ಕೂರಿಸಿ ಆ ಕಡೆ ನೆವಿಲ್, ಈ ಕಡೆ ಮಾರ್ಗರೆಟ್. ಎದುರಿಗೆ ತೆರೆದ ಬಾಗಿಲು, ಆಚೆ ಸಾಲು ಸಾಲು ಗಿಡ, ನೆಲದಲ್ಲಿ ಉದುರಿದ ಸೇಬುಗಳ ಹುಳಿ ವಾಸನೆ. ಎಷ್ಟೋ ಗಿಡಗಳು ಸೊಂಟದ ಎತ್ತರದಲ್ಲಿ ಬತ್ತಲಾಗಿದ್ದವು. ಫೋನಿನಲ್ಲಿ ಕೇಳಿ ನಾನು 'ತೊಗಟೆ ಹಾನಿ' ಎಂದು ಟೈಪ್ ಮಾಡಿದ್ದು ಇದನ್ನೇ. ಮಾರ್ಗರೆಟ್ ಅವನ್ನು ನೋಡುತ್ತಿರಲಿಲ್ಲ, ನೋಡಿ ಸಾಕಾಗಿದ್ದಿರಬೇಕು.

ಬಿಸಿಲು ಬೆಟ್ಟದ ಮೇಲಕ್ಕೆ ಏರುತ್ತಿತ್ತು. ನೆವಿಲ್ ಎದುರಿಗೇ ನೋಡುತ್ತಾ ಪಿಸುಗುಟ್ಟಿದರು.

"ನನ್ನ ಪುಸ್ತಕಗಳನ್ನ ಯಾರಾದ್ರೂ ಓದಿದ್ರಾ?"

ಆ ಹಳದಿ ಚೀಟಿ ನನ್ನ ನಾಲಿಗೆಯವರೆಗೂ ಬಂತು. "ನಾನು ಓದಿದೆ," ಎಂದೆ.

"ಪೂರ್ತಿನಾ?"

"ಪೂರ್ತಿ. ನಿಮ್ಮ ಕಾಲು ಉಳುಕಿದ್ದೂ."

ಬೇರೆ ಯಾರು ಓದಿದರು ಎಂದು ಅವರು ಕೇಳಲಿಲ್ಲ. ತಮ್ಮ ಕಾಲಮೇಲಿದ್ದ ಕಂಬಳಿಯ ಅರ್ಧವನ್ನು ನನ್ನ ಕಡೆಗೆ ಸರಿಸಿದರು.

ಅದು ಬಂದದ್ದು ನನಗೆ ಗೊತ್ತೇ ಆಗಲಿಲ್ಲ. ಗಿಡಗಳ ನಡುವೆ ಖಾಲಿಯಿದ್ದ ಜಾಗದಲ್ಲಿ ಈಗ ಒಂದು ಕಡವೆ ನಿಂತಿತ್ತು, ಅಷ್ಟೆ. ಹಸುವಿನಷ್ಟು ಎತ್ತರ, ಒದ್ದೆ ಮಣ್ಣಿನ ಬಣ್ಣ, ಕತ್ತಿನ ಸುತ್ತ ಒರಟು ಕೂದಲು, ಕೊಂಬಿಗೆ ಎಲ್ಲಿಯದೋ ಬಳ್ಳಿ ಸಿಕ್ಕಿಕೊಂಡಿತ್ತು. ಕಿವಿಗಳು ಒಂದೊಂದೇ ತಿರುಗುತ್ತಿದ್ದವು. ಅದು ಬಗ್ಗಿ ಒಂದು ಸೇಬನ್ನು ಎತ್ತಿಕೊಂಡು, ಎಲೆಯಡಿಕೆ ಹಾಕಿದ ಹಿರಿಯರಂತೆ ದವಡೆ ಅತ್ತಿತ್ತ ಆಡಿಸುತ್ತಾ ನಿಧಾನವಾಗಿ ಅಗಿಯಿತು.

ನೆವಿಲ್ ಬಂದೂಕು ಎತ್ತಿದರು. ಮಾರ್ಗರೆಟ್, "ಹೊಡಿ. ಮುಂದಿನದು ಗಿಡ," ಎಂದು ಪಿಸುಗುಟ್ಟಿದರು. "ತಾಳು," ಎಂದರು ನೆವಿಲ್. "ತಾಳೋದೇ ಆಯ್ತು," ಎಂದರು ಆಕೆ. ಆಮೇಲೆ ಇಬ್ಬರೂ, ಯಾಕೋ ಗೊತ್ತಿಲ್ಲ, ನನ್ನ ಕಡೆ ತಿರುಗಿದರು.

"ನೀವು ಹೇಳಿ," ಎಂದರು ಮಾರ್ಗರೆಟ್. "ಇಲಾಖೆಯವರು ನೀವು."

ನಾನು ಗಲಿಬಿಲಿಗೊಂಡು, "ನಾನೇನು ಹೇಳಲಿ? ತೋಟ ನಿಮ್ಮದು, ಬಂದೂಕು ಅವರದು," ಎಂದೆ.

"ಸರಿಯಾಗಿ ಹೇಳಿದ್ರು. ಇಲಾಖೆಯ ಉತ್ತರನೇ," ಎಂದು ನೆವಿಲ್ ಬಂದೂಕಿನ ಹಿಂದೆ ಭುಜ ಕುಲುಕಿಸಿ ನಕ್ಕರು.

ನನಗೆ ನಾಚಿಕೆಯಾಯಿತು. ಎಷ್ಟೋ ತಿಂಗಳಿಂದ ಓದಿದ ವಾಕ್ಯಗಳು ನನ್ನೊಳಗೆ ಇಷ್ಟು ಇಳಿದಿವೆಯೇ ಎನ್ನಿಸಿತು. ನನ್ನದೇ ಆದ ಒಂದು ಮಾತಾದರೂ ಆಡಬೇಕೆಂದು, "ಇನ್ನೊಂದು ನಿಮಿಷ ನೋಡ್ಲಾ?" ಎಂದು ಕೇಳಿದೆ. ನೆವಿಲ್ ಗಡಿಯಾರ ನೋಡಿಕೊಂಡು ತಲೆಯಾಡಿಸಿದರು.

ನೋಡಿದೆ. ಅದು ಇನ್ನೊಂದು ಸೇಬು ತೆಗೆದುಕೊಂಡಿತು. ಅದರ ಮೂಗಿನಿಂದ ಹಬೆ ಬರುತ್ತಿತ್ತು. ಇದನ್ನು ಕೊಂದು ತಿನ್ನುವವರು ಒಂದು ಪಕ್ಕ, ಇದು ತಿಂದು ಕೊಂದ ಗಿಡಗಳವರು ಇನ್ನೊಂದು ಪಕ್ಕ, ನಡುವೆ ಮಜ್ಜಿಗೆಹುಳಿ ಉಂಡು ಬಂದ ನಾನು. ಆ ಒಂದು ನಿಮಿಷ ನನಗೆ ಯಾರ ಮೇಲೂ ಏನೂ ಹೇಳುವುದಿರಲಿಲ್ಲ.

ಆಗ ನನ್ನ ಕಿವಿಯ ಹತ್ತಿರದ ಕೂದಲು ಮುಂದಕ್ಕೆ ಹಾರಿತು. ಗಾಳಿ ತಿರುಗಿತ್ತು.

ಕಡವೆ ತಲೆಯೆತ್ತಿತು. ಅದರ ಪೂರ್ವಜರಿಗೆ ತೆಂಗಿನೆಣ್ಣೆಯ ಪರಿಚಯ ಇತ್ತೋ ಇಲ್ಲವೋ, ಇದಕ್ಕೆ ಇರಲಿಲ್ಲ. ಮುಂಗಾಲಿನಿಂದ ನೆಲ ಗುದ್ದಿ, ಹಳೆಯ ಬಸ್ಸಿನ ರಬ್ಬರ್ ಹಾರನ್ ಒತ್ತಿದಂತೆ 'ಪೊಂಕ್' ಎಂದು ಒಂದು ಸದ್ದು ಮಾಡಿತು. ನಾನು ಕುರ್ಚಿಯಿಂದ ಹಾರಿ ಮಾರ್ಗರೆಟ್‌ರ ತೊಡೆಯ ಮೇಲೆ ಬಿದ್ದೆ. ಮತ್ತೆ ನೋಡುವಾಗ ಗಿಡಗಳ ನಡುವೆ ಏನೂ ಇರಲಿಲ್ಲ, ದೂರದಲ್ಲಿ ಬೇಲಿಯ ತಂತಿ ಮಾತ್ರ ಅಲ್ಲಾಡುತ್ತಿತ್ತು.

ನನಗೆ ಒಳಗೊಳಗೆ ಖುಷಿಯಾಗಿತ್ತು, ಆ ಸುಲಿದ ಗಿಡಗಳ ಮುಂದೆ ಹಾಗೆ ಖುಷಿಪಡುವುದು ತಪ್ಪೆಂದೂ ಅನ್ನಿಸುತ್ತಿತ್ತು. "ಕ್ಷಮಿಸಿ," ಎಂದೆ, ಯಾರಿಗೆಂದು ಗೊತ್ತಿಲ್ಲದೆ. ನೆವಿಲ್ ಬಂದೂಕಿನಿಂದ ಗುಂಡು ತೆಗೆದು ಜೇಬಿಗೆ ಹಾಕಿಕೊಂಡು ಎದ್ದರು. ಮಾರ್ಗರೆಟ್ ನನ್ನ ಬೆನ್ನಿನ ಮೇಲಿನ ಧೂಳು ಕೊಡವಿ, ಹೋಗುವಾಗ ಒಂದು ಚೀಲ ಸೇಬು ಕೊಟ್ಟರು. ಆದರೆ ಅವರ ಮುಖ ಅಷ್ಟು ಸರಿಯಿರಲಿಲ್ಲ. ವಾಪಸು ಬರುತ್ತಾ ಗಿರೀಶ್, "ಪೈ ತುಂಬಾ ಚೆನ್ನಾಗಿತ್ತು, ರೆಸಿಪಿ ಕೇಳ್ಬೇಕಿತ್ತು," ಎನ್ನುತ್ತಿದ್ದರು. ನಾನು ಆ ದಾರಿಯುದ್ದಕ್ಕೂ ನೆವಿಲ್ ಇನ್ನು ಫೋನ್ ಮಾಡುವುದಿಲ್ಲ ಎಂದುಕೊಳ್ಳುತ್ತಾ ಕೂತಿದ್ದೆ.

ಸೋಮವಾರ ಒಂಬತ್ತೂ ಕಾಲಿಗೆ ಫೋನ್ ಬಂತು.

"ನಾನೊಂದು ಔಪಚಾರಿಕ ದೂರು ದಾಖಲಿಸಬೇಕು," ಎಂದರು ನೆವಿಲ್. "ನಿಮ್ಮ ಇಲಾಖೆಯ ನೌಕರರೊಬ್ಬರ ಮೇಲೆ."

ನಾನು ಹೊಸ ಅರ್ಜಿ ತೆರೆದೆ. "ಹೇಳಿ."

"ಶನಿವಾರ ಸಂಜೆ, ಸದರಿ ನೌಕರರು ಒಂದು ನಿಮಿಷ ಕಾಲಾವಕಾಶ ಕೇಳಿ ಬೇಟೆಗೆ ಅಡ್ಡಿ ಮಾಡಿದರು."

ಟೈಪ್ ಮಾಡಿದೆ. ನಿಯಮದಂತೆ ಓದಿ ಹೇಳಿದೆ.

"ಒಂದು ನಿಮಿಷ ಅನ್ನೋದನ್ನ ತಿದ್ದಿ. ನಾಲ್ಕು ನಿಮಿಷ ಆಗಿತ್ತು. ನಾನು ಗಡಿಯಾರ ನೋಡಿದ್ದೆ."

ಅಂದರೆ ಮೂರು ನಿಮಿಷ ಅವರೂ ಸುಮ್ಮನೆ ನೋಡುತ್ತಾ ಕೂತಿದ್ದರು. ನಾನು ಅದನ್ನು ಹೇಳಲಿಲ್ಲ. 'ನಾಲ್ಕು' ಎಂದು ತಿದ್ದಿದೆ.

"ಅರ್ಜಿಯ ಕೊನೆಯಲ್ಲಿ ಒಂದು ಕಾಲಂ ಇದೆ," ಎಂದೆ. "ದೂರುದಾರರು ಯಾವ ಪರಿಹಾರ ಬಯಸುತ್ತಾರೆ ಅಂತ."

ಆ ಕಡೆ ಕೆಟಲ್ ಕುದಿಯುವುದು ಕೇಳುತ್ತಿತ್ತು.

"ಬರ್ಕೊಳ್ಳಿ," ಎಂದರು ನೆವಿಲ್. "ಸದರಿ ನೌಕರರು ಮುಂದಿನ ಶನಿವಾರವೂ ಬರತಕ್ಕದ್ದು."

ನಾನು ಅಕ್ಷರ ತಪ್ಪದೆ ಬರೆದುಕೊಂಡೆ.